ಕೆಸರು ಆರುವ ಮುನ್ನ ಬೇಕಾದ ವಕೀಲ

2006ರ ಆಗಸ್ಟ್ ಮೊದಲ ವಾರದ ಕೊನೆಯಲ್ಲಿ ಉಕಾಯಿ ಅಣೆಕಟ್ಟೆಯಿಂದ ಬಿಟ್ಟ ನೀರು ತಾಪಿಯ ದಂಡೆ ಮೀರಿ ಸೂರತ್ ನಗರದ ಬಹುಭಾಗವನ್ನು ಮುಳುಗಿಸಿತು. 2021ರ ಮೇ 17ರ ರಾತ್ರಿ ತೌಕ್ತೆ ಚಂಡಮಾರುತ ಊನಾ-ದೀವ್ ಹತ್ತಿರ ದಡ ಹತ್ತಿ, ಮರುದಿನ ಅಹಮದಾಬಾದಿನಲ್ಲೂ ಮರಗಳನ್ನು ಉರುಳಿಸಿತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ 25 ಅಡಿಯ ಅಪಾಯದ ಮಟ್ಟವನ್ನು ಸುಮಾರು ಹತ್ತಡಿ ಮೀರಿತು. ವಡೋದರದ ಬಡಾವಣೆಗಳಲ್ಲಿ ನೀರು ದಿನಗಟ್ಟಲೆ ನಿಂತಿತು. ಇವೆಲ್ಲ ಆಗಿನ ಸುದ್ದಿಗಳು. ನೀರು ಇಳಿದ ಮೇಲೆ ಶುರುವಾಗುವ ಇನ್ನೊಂದು ವ್ಯವಹಾರ ಅಷ್ಟಾಗಿ ಸುದ್ದಿಗೆ ಬರುವುದಿಲ್ಲ. ವಿಮೆ ಮಾಡಿಸಿದವರು ಕ್ಲೇಮು ಹಾಕುತ್ತಾರೆ. ನಷ್ಟ ಅಳೆಯಲು ಕಂಪನಿ ಸರ್ವೇಯರನ್ನು ಕಳಿಸುತ್ತದೆ. ತಿಂಗಳುಗಳ ಮೇಲೆ ಒಂದು ಪತ್ರ ಬರುತ್ತದೆ: ಕೇಳಿದ್ದಕ್ಕಿಂತ ಬಹಳ ಕಡಿಮೆ ಮೊತ್ತ, ಇಲ್ಲವೇ ಏನೂ ಇಲ್ಲ. ಆ ಪತ್ರ ಹಿಡಿದುಕೊಂಡು ಮನುಷ್ಯ ವಕೀಲರ ಬಾಗಿಲಿಗೆ ಹೋಗುತ್ತಾನೆ.

ನಾನಿಲ್ಲಿ ನೋಡಹೊರಟಿರುವುದು ಆ ಬಾಗಿಲಿನ ಆಚೆ ಸಿಗುವ ನೆರವನ್ನು. ಗುಜರಾತಿನ ಈ ಮೂರು ನಗರಗಳಲ್ಲಿ ಮಳೆ, ಗಾಳಿ, ನೆರೆಯಿಂದಾದ ಆಸ್ತಿ ನಷ್ಟದ ವಿಮಾ ತಗಾದೆಗಳಿಗೆ ಕಾನೂನಿನ ಸಹಾಯ ಹೇಗೆ ಸಿಗುತ್ತಿದೆ, ಅದರ ಗುಣವೇನು, ಕೊರತೆಯೇನು? ಕನ್ನಡಿಗರಿಗೆ ಇದರಿಂದ ಏನಾಗಬೇಕು ಎನ್ನುವಂತಿಲ್ಲ. ವಿಮಾ ಪಾಲಿಸಿಯ ಮೂಲ ಷರತ್ತುಗಳು ಇಡೀ ದೇಶಕ್ಕೆ ಹೆಚ್ಚುಕಡಿಮೆ ಒಂದೇ. ಗುಜರಾತಿನ ಒಬ್ಬ ವ್ಯಾಪಾರಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ಚಿಕ್ಕಪೇಟೆಯ ಸೀರೆ ಅಂಗಡಿಗೂ ಅನ್ವಯಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಯಾರ ನೆಲಮಾಳಿಗೆಗಳಿಗೆ ನೀರು ನುಗ್ಗಿತೋ ಅವರಿಗೂ ಅನ್ವಯಿಸುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾನೂನು ಕೆಟ್ಟದಾಗಿಲ್ಲ. ಗುಜರಾತಿನ ಜನ ದಶಕಗಟ್ಟಲೆ ಹೋರಾಡಿ ಅದನ್ನು ಒಳ್ಳೆಯದು ಮಾಡಿಸಿದ್ದಾರೆ. ಆದರೆ ಆ ಕಾನೂನನ್ನು ಬಲ್ಲವರು ಬರುವ ಹೊತ್ತಿಗೆ ಕೇಸಿನ ಅರ್ಧ ಮುಗಿದಿರುತ್ತದೆ. ಕ್ಲೇಮು ಸೋಲುವುದು ಕೋರ್ಟಿನಲ್ಲಲ್ಲ, ಗೋದಾಮಿನಲ್ಲಿ, ಮೊದಲ ಹದಿನೈದು ದಿನಗಳಲ್ಲಿ. ಆಗ ಅಲ್ಲಿ ಕಂಪನಿಯ ಕಡೆಯವರು ಇರುತ್ತಾರೆ, ವಿಮೆದಾರನ ಕಡೆ ಕಾನೂನು ಬಲ್ಲವರು ಯಾರೂ ಇರುವುದಿಲ್ಲ.

ಆ ಹದಿನೈದು ದಿನ ಎಂಬುದು ನಾನು ಬಾಯಿಗೆ ಬಂದಂತೆ ಹೇಳಿದ ಲೆಕ್ಕವಲ್ಲ. ಅಂಗಡಿ, ಗೋದಾಮು, ಕಾರ್ಖಾನೆಗಳಿಗೆ ಬಹುಕಾಲದಿಂದ ಮಾರುತ್ತ ಬಂದಿರುವ ‘ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್’ ಪಾಲಿಸಿಯ ಷರತ್ತು ಅದು: ನಷ್ಟವಾದ ಕೂಡಲೇ ಕಂಪನಿಗೆ ತಿಳಿಸಬೇಕು, ಹದಿನೈದು ದಿನದೊಳಗೆ ಏನೇನು ಹಾಳಾಯಿತು, ಅದರ ಬೆಲೆ ಎಷ್ಟು ಎಂದು ಲಿಖಿತವಾಗಿ ಕೊಡಬೇಕು. ಹೆಸರಿನಲ್ಲಿ ಬೆಂಕಿ ಇದ್ದರೂ ಬಿರುಗಾಳಿ, ಚಂಡಮಾರುತ, ನೆರೆ, ಜಲಾವೃತ ಇವೆಲ್ಲ ಅದರ ಒಂದು ಕಲಮಿನಲ್ಲಿ ಸೇರಿವೆ. 2021ರ ಏಪ್ರಿಲ್ 1ರಿಂದ ಮನೆಗಳಿಗೆ ಭಾರತ್ ಗೃಹ ರಕ್ಷಾ, 5 ಕೋಟಿವರೆಗಿನ ಆಸ್ತಿಯ ಸಣ್ಣ ವ್ಯಾಪಾರಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದಕ್ಕೂ ಮೇಲೆ 50 ಕೋಟಿವರೆಗಿನವರಿಗೆ ಭಾರತ್ ಲಘು ಉದ್ಯಮ ಸುರಕ್ಷಾ ಎಂಬ ಪಾಲಿಸಿಗಳು ಬಂದವು. ಇವುಗಳ ಭಾಷೆ ಹಳೆಯದಕ್ಕಿಂತ ಸರಳ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ಆದರೂ ಬಿರುಗಾಳಿ ಎಂದರೆ ಗಂಟೆಗೆ ಎಷ್ಟು ಕಿಲೋಮೀಟರ್ ವೇಗದ ಗಾಳಿ ಎಂದು ಹಳೆಯ ಪಾಲಿಸಿ ಎಲ್ಲೂ ಹೇಳುವುದಿಲ್ಲ. ಅಹಮದಾಬಾದಿನ ನರೋಡಾದಲ್ಲೋ ವಡೋದರದ ಮಕರಪುರಾದಲ್ಲೋ ಒಂದು ಶೆಡ್ಡಿನ ಶೀಟು ಹಾರಿ ಮಳೆ ಒಳಗೆ ಸುರಿದರೆ, ಇದು ಬಿರುಗಾಳಿಯಲ್ಲ, ಶೀಟಿನ ಬೋಲ್ಟು ತುಕ್ಕು ಹಿಡಿದಿತ್ತು, ನಿರ್ವಹಣೆಯ ದೋಷ ಎಂದು ಬರೆಯುವುದಕ್ಕೆ ಅವಕಾಶ ಉಳಿದೇ ಇದೆ. ಹವಾಮಾನ ಇಲಾಖೆಯ ಮಾಪಕ ಇರುವುದು ಒಂದು ಕಡೆ, ಶೀಟು ಹಾರಿದ್ದು ಇನ್ನೊಂದು ಕಡೆ. ನೆಲದಿಂದ ಏರಿ ಬಂದ ನೀರಾದರೆ ಜಲಾವೃತ, ಗೋಡೆಯಿಂದ ಇಳಿದ ನೀರಾದರೆ ಸೋರಿಕೆ; ಮೊದಲನೆಯದಕ್ಕೆ ಹಣ ಉಂಟು, ಎರಡನೆಯದಕ್ಕೆ ಇಲ್ಲ ಎಂಬ ವಾದ ಬರುತ್ತದೆ. ಎರಡೂ ಒಟ್ಟಿಗೆ ಬಂದ ರಾತ್ರಿ ಯಾವ ನೀರು ಯಾವುದು ಎಂದು ತೋರಿಸುವ ಹೊಣೆ ನಷ್ಟವಾದವನ ತಲೆಯ ಮೇಲೆ ಬೀಳುತ್ತದೆ.

ಸೂರತ್ತಿನ ಒಂದು ಗೋದಾಮನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಈ ಊರಿಗೆ ತಾಪಿ ನದಿಯೊಂದೇ ಭಯವಲ್ಲ; ಊರೊಳಗೆ ಹರಿಯುವ ಖಾಡಿಗಳು ಜೋರು ಮಳೆಗೆ ಉಕ್ಕಿದರೆ ಲಿಂಬಾಯತ್, ಪರ್ವತ್ ಪಾಟಿಯಾ ಕಡೆಯ ತಗ್ಗುಗಳು ಮುಳುಗುತ್ತವೆ. ಜನ ಅದನ್ನು ‘ಖಾಡಿ ಪೂರ್’ ಎನ್ನುತ್ತಾರೆ. ಅಲ್ಲಿನ ನೆಲಮಾಳಿಗೆಯಲ್ಲಿ ಇನ್ನೂ ಬಣ್ಣ ಹಾಕದ ಗ್ರೇ ಬಟ್ಟೆಯ ತಾಕಾಗಳನ್ನು, ಅಂದರೆ ಥಾನುಗಳನ್ನು, ಒಂದರ ಮೇಲೊಂದು ಒಟ್ಟಿರುತ್ತಾರೆ. ನೀರು ಮೂರಡಿ ಬಂದು ಇಳಿಯುತ್ತದೆ. ಗೋಡೆಯ ಮೇಲೆ ಕಂದು ಗೆರೆ ಉಳಿಯುತ್ತದೆ. ಸರ್ವೇಯರ್ ಬಂದು ಆ ಗೆರೆಯನ್ನು ಅಳೆದು, ಅದರ ಕೆಳಗಿದ್ದ ತಾಕಾಗಳು ನೆನೆದವು, ಮೇಲಿನವು ಸರಿ ಇವೆ ಎಂದು ಬರೆದುಕೊಳ್ಳುತ್ತಾರೆ. ಬಟ್ಟೆ ಹಾಗೆ ವರ್ತಿಸುವುದಿಲ್ಲ. ಕೆಳಗಿನ ತಾಕಾ ನೀರು ಹೀರಿ ಮೇಲಿನದಕ್ಕೆ ಕೊಡುತ್ತದೆ; ಕರೆಂಟಿಲ್ಲದ, ಗಾಳಿಯಾಡದ ನೆಲಮಾಳಿಗೆಯಲ್ಲಿ ಕೆಲವೇ ದಿನಗಳಲ್ಲಿ ಬೂಷ್ಟು ಮೇಲಿನ ಸಾಲಿಗೂ ಹತ್ತುತ್ತದೆ. ಅಷ್ಟರಲ್ಲಿ ಸರ್ವೇಯರ್ ಬಂದು ಹೋಗಿರುತ್ತಾರೆ. ಮಾಲೀಕ ವಾಸನೆ ತಾಳಲಾರದೆ, ಪಕ್ಕದ ಅಂಗಡಿಯವರ ಒತ್ತಾಯಕ್ಕೆ, ಹಾಳಾದ ಮಾಲನ್ನು ಸಿಕ್ಕ ಬೆಲೆಗೆ ಮಾರಿ ಗೋದಾಮು ತೊಳೆಸಿರುತ್ತಾನೆ. ಮೇಲಿನ ಸಾಲಿನ ತಾಕಾ ಹಾಳಾಗಿತ್ತು ಎನ್ನುವುದಕ್ಕೆ ಆಮೇಲೆ ಸಾಕ್ಷಿಯೇ ಇರುವುದಿಲ್ಲ.

ಇನ್ನೊಂದು ಪೆಟ್ಟು ಲೆಕ್ಕದ ಪುಸ್ತಕದಿಂದ ಬೀಳುತ್ತದೆ. ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಒಂದು ಮೊತ್ತ, ಜಿಎಸ್‌ಟಿ ಲೆಕ್ಕದಲ್ಲಿ ಇನ್ನೊಂದು, ಅಂಗಡಿಯ ವಹಿಯಲ್ಲಿ ಮತ್ತೊಂದು. ಸರ್ವೇಯರ್ ಮೂರನ್ನೂ ಕೇಳುತ್ತಾರೆ, ಕೇಳುವುದು ಅವರ ಕೆಲಸ. ಗೋದಾಮಿನಲ್ಲಿ 50 ಲಕ್ಷದ ಮಾಲಿತ್ತು, ವಿಮೆ ಮಾಡಿಸಿದ್ದು 30 ಲಕ್ಷಕ್ಕೆ, ನೆನೆದು ಹಾಳಾದದ್ದು 20 ಲಕ್ಷದ ಮಾಲು ಎಂದುಕೊಳ್ಳಿ. ವಿಮೆ 30 ಲಕ್ಷದ್ದಿದೆಯಲ್ಲ, 20 ಲಕ್ಷವೂ ಬರುತ್ತದೆ ಎಂದು ಮಾಲೀಕ ನಂಬಿರುತ್ತಾನೆ. ಪಾಲಿಸಿಯ ಲೆಕ್ಕ ಬೇರೆ. ಇದ್ದ ಮಾಲಿನ ಐದರಲ್ಲಿ ಮೂರು ಪಾಲಿಗೆ ಮಾತ್ರ ವಿಮೆ ಇದ್ದುದರಿಂದ ನಷ್ಟದ ಐದರಲ್ಲಿ ಮೂರು ಪಾಲು ಮಾತ್ರ, ಅಂದರೆ 12 ಲಕ್ಷ. ಹಳೆಯ ಪಾಲಿಸಿಯ ಪ್ರಕಾರ ಪ್ರಕೃತಿ ವಿಕೋಪದ ಕ್ಲೇಮಿನಲ್ಲಿ ಶೇ. 5 ಮುರಿದುಕೊಳ್ಳುತ್ತಾರೆ, ಉಳಿಯುವುದು 11 ಲಕ್ಷದ 40 ಸಾವಿರ. ಒದ್ದೆ ಮಾಲು ಮಾರಿದರೆ ಬರುವ ಬೆಲೆಯನ್ನು ಇದಕ್ಕೂ ಮೊದಲೇ ಕಳೆದಿರುತ್ತಾರೆ. ಹೊಸ ಸೂಕ್ಷ್ಮ ಉದ್ಯಮ ಪಾಲಿಸಿ ಶೇ. 15ರವರೆಗಿನ ಕಡಿಮೆ ವಿಮೆಯನ್ನು ಮನ್ನಿಸುತ್ತದೆ, ಶೇ. 40ನ್ನು ಮನ್ನಿಸುವುದಿಲ್ಲ. ಇದರಲ್ಲಿ ಮೋಸವಿಲ್ಲ, ಷರತ್ತೇ ಹಾಗಿದೆ. ಇದನ್ನು ಪಾಲಿಸಿ ಕೊಳ್ಳುವ ದಿನವೇ ಬಿಡಿಸಿ ಹೇಳುವವರು ಬೇಕಿತ್ತು. ಈ ಕಾರಣಕ್ಕೆ ಕಡಿತವಾದ ಹಣಕ್ಕಾಗಿ ಆಮೇಲೆ ಕೇಸು ಹಾಕಿಸುವ ವಕೀಲರು ಕಕ್ಷಿದಾರನಿಗೆ ಎರಡನೇ ನಷ್ಟ ಮಾಡಿಸುತ್ತಾರೆ. ಯಾವ ಕಡಿತ ಷರತ್ತಿನಿಂದ ಬಂದದ್ದು, ಯಾವುದು ಸರ್ವೇಯರರ ಅಂದಾಜಿನಿಂದ ಬಂದದ್ದು ಎಂದು ಬೇರ್ಪಡಿಸಿ, ಎರಡನೆಯದರ ಮೇಲೆ ಮಾತ್ರ ಹೋರಾಡುವುದು ಒಳ್ಳೆಯ ವಕೀಲರ ಲಕ್ಷಣ.

ಅಂದಾಜಿನ ಮೇಲೆ ಹೋರಾಡಲು ಕಾನೂನು ಬಲ ಕೊಡುತ್ತದೆ. ಸರ್ವೇಯರರ ವರದಿಯೇ ಕೊನೆಯ ಮಾತಲ್ಲ, ಅದನ್ನು ಅಲ್ಲಗಳೆಯಬಹುದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ವಿರುದ್ಧ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ತನಗೆ ಬೇಕಾದ ವರದಿ ಬರುವವರೆಗೆ ಒಬ್ಬರಾದ ಮೇಲೊಬ್ಬರಂತೆ ಸರ್ವೇಯರರನ್ನು ಕಂಪನಿ ನೇಮಿಸುತ್ತ ಹೋಗುವಂತಿಲ್ಲ ಎಂದೂ ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ ಹೇಳಿತು. ತಡವಾಗಿ ತಿಳಿಸಿದ್ದೀರಿ ಎಂಬ ಒಂದೇ ನೆಪದಿಂದ ನಿಜವಾದ ಕ್ಲೇಮನ್ನು ತಳ್ಳಬಾರದು ಎಂದು ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದೇ ನಿಲುವು ತಳೆಯಿತು. ಪೋರಬಂದರಿನ ಸೌರಾಷ್ಟ್ರ ಕೆಮಿಕಲ್ಸ್ ಕಂಪನಿಯ ಪ್ರಕರಣದಲ್ಲಿ, 2019ರಲ್ಲಿ, ಇನ್ನೂ ಉಪಯುಕ್ತವಾದ ಮಾತು ಬಂತು: ತಿರಸ್ಕಾರ ಪತ್ರದಲ್ಲಿ ಇಲ್ಲದ ಕಾರಣವನ್ನು ವಿಮಾ ಕಂಪನಿ ಆಮೇಲೆ ಕೋರ್ಟಿನಲ್ಲಿ ಹೊಸದಾಗಿ ಎತ್ತುವಂತಿಲ್ಲ. ಮನೆ ತುಂಬ ಕೆಸರು, ಫೋನ್ ಚಾರ್ಜಿಗೂ ಕರೆಂಟಿಲ್ಲ ಎಂಬ ಸ್ಥಿತಿಯಲ್ಲಿ ಗಡುವು ದಾಟಿದ ವಡೋದರದ ಸಂಸಾರಗಳಿಗೆ ಇವು ಸಣ್ಣ ಆಸರೆಯಲ್ಲ.

ಇನ್ನು ವೋಚರಿನ ವಿಚಾರ. ಈ ಇಡೀ ವ್ಯವಹಾರದಲ್ಲಿ ನನಗೆ ಅತ್ಯಂತ ಮುಖ್ಯ ಎನಿಸುವುದು ಇದು. ಕಂಪನಿ ಮೊತ್ತ ನಿಗದಿ ಮಾಡಿದ ಮೇಲೆ ಒಂದು ಮುದ್ರಿತ ಕಾಗದ ಕಳಿಸುತ್ತದೆ: ಇಷ್ಟು ಹಣವನ್ನು ನನ್ನ ಇಡೀ ಕ್ಲೇಮಿನ ಅಂತಿಮ ಪರಿಹಾರವಾಗಿ ಒಪ್ಪಿದ್ದೇನೆ, ಇನ್ನೇನೂ ಬಾಕಿ ಇಲ್ಲ. ಸಹಿ ಹಾಕಿದರೆ ಹಣ, ಇಲ್ಲದಿದ್ದರೆ ಇಲ್ಲ. ಬ್ಯಾಂಕಿನ ಬಡ್ಡಿ ಓಡುತ್ತಿದೆ, ಕೂಲಿ ಕೊಡಬೇಕು, ದೀಪಾವಳಿಯ ಸೀಸನ್ ಎದುರಿಗಿದೆ. ಸಹಿ ಬೀಳುತ್ತದೆ. ಹಾಗೆ ಸಹಿ ಹಾಕಿದವನಿಗೆ ಮುಂದೆ ದಾರಿ ಉಂಟೇ?

2008ರ ಸೆಪ್ಟೆಂಬರಿನಲ್ಲಿ ನ್ಯಾಷನಲ್ ಇನ್ಶೂರೆನ್ಸ್ ವಿರುದ್ಧ ಬೋಘರಾ ಪಾಲಿಫ್ಯಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ಉತ್ತರಿಸಿತು. ಜೋರು ಮಳೆ ಮತ್ತು ನೆರೆಯಿಂದ ಗೋದಾಮಿನ ಮಾಲು ಹಾಳಾದ ಪ್ರಕರಣ. ಕೇಳಿದ್ದಕ್ಕಿಂತ ಕಡಿಮೆ ಹಣಕ್ಕೆ ಕಂಪನಿ ವೋಚರಿಗೆ ಸಹಿ ಪಡೆದಿತ್ತು. ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಕರ್ನಾಟಕ ಹೈಕೋರ್ಟಿನಲ್ಲಿ ವಕೀಲರಾಗಿ, ನ್ಯಾಯಮೂರ್ತಿಯಾಗಿ ಕೆಲಸ ಮಾಡಿ ದಿಲ್ಲಿಗೆ ಹೋದವರು. ಬರವಣಿಗೆಯಾಗಿಯೂ ಈ ತೀರ್ಪು ಓದಲು ತಕ್ಕುದು. ಸಿದ್ಧಾಂತ ಹೇಳಿ ನಿಲ್ಲಿಸದೆ ಅವರು ಜನ ನಿಜವಾಗಿ ಸಿಕ್ಕಿಬೀಳುವ ಸಂದರ್ಭಗಳನ್ನು ಒಂದೊಂದಾಗಿ ಮುಂದಿಡುತ್ತಾರೆ. ಒಬ್ಬ ಗುತ್ತಿಗೆದಾರನಿಗೆ ಹತ್ತು ಲಕ್ಷ ಬರಬೇಕು. ಆರು ಲಕ್ಷಕ್ಕೆ ಸಹಿ ಹಾಕಿದರೆ ಮಾತ್ರ ಆ ಆರು ಲಕ್ಷವೂ ಸಿಗುತ್ತದೆ ಎಂದಾಗ ಕೈ ಕಟ್ಟಿಹೋಗಿ ಸಹಿ ಹಾಕುತ್ತಾನೆ. ಒಬ್ಬ ವಿಮೆದಾರನ ಕ್ಲೇಮನ್ನು ಒಪ್ಪಿಯೂ ಇಲ್ಲ, ತಿರಸ್ಕರಿಸಿಯೂ ಇಲ್ಲ. ಇಷ್ಟಕ್ಕೆ ಸಹಿ ಹಾಕದಿದ್ದರೆ ಪೂರ್ತಿ ತಿರಸ್ಕರಿಸುತ್ತೇವೆ ಎಂದು ಮಾತಿನಲ್ಲಿ ತಿಳಿಸುತ್ತಾರೆ. ಅವನು ತಾರೀಖಿಲ್ಲದ ವೋಚರಿಗೆ ಸಹಿ ಮಾಡಿ ಕೊಡುತ್ತಾನೆ. ಇಂಥ ಒಪ್ಪಿಗೆ ಸ್ವಂತ ಇಚ್ಛೆಯದಲ್ಲ, ಒತ್ತಡದ್ದು, ಆದ್ದರಿಂದ ತಗಾದೆ ಮುಗಿಯಿತು ಎನ್ನಲಾಗದು ಎಂಬುದು ತೀರ್ಪಿನ ಸಾರ. ವ್ಯಾಪಾರಿಯ ಅಸಹಾಯಕತೆಯನ್ನು ಕಾನೂನಿನ ಮಾತಿನಲ್ಲಿ ಇಷ್ಟು ಹತ್ತಿರದಿಂದ ಕಂಡ ತೀರ್ಪು ವಿಮಾ ಕ್ಷೇತ್ರದಲ್ಲಿ ಇನ್ನೊಂದಿದೆ ಎಂದು ನನಗೆ ಅನಿಸುವುದಿಲ್ಲ.

ಆದರೂ ಅದರ ಮಿತಿಯನ್ನು ಹೇಳಬೇಕು. ತೀರ್ಪು ಬಾಗಿಲು ತೆರೆಯಿತು, ಹಣ ಕೊಡಿಸಲಿಲ್ಲ. ಒತ್ತಡ ಇತ್ತೇ ಇಲ್ಲವೇ ಎಂಬುದನ್ನು ಪಂಚಾಯ್ತಿದಾರರು (ಆರ್ಬಿಟ್ರೇಟರುಗಳು) ವಿಚಾರಿಸಲಿ ಎಂದು ಬಿಟ್ಟಿತು. ಒತ್ತಡವನ್ನು ಸಾಬೀತು ಮಾಡುವುದು ಹೇಗೆ? ಬೆದರಿಕೆ ಮಾತಿನಲ್ಲಿ ಬಂದಿತ್ತು, ಸಹಿ ಮಾತ್ರ ಕಾಗದದ ಮೇಲಿದೆ. 2014ರಲ್ಲಿ ಜೀನಸ್ ಪವರ್ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್, ಬಲವಂತ ನಡೆಯಿತು ಎಂದು ಬರೀ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಸಹಿ ಹಾಕಿ ಹಣ ಪಡೆದು ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಬಲವಂತ ಎಂದರೆ ಕೇಳಲಾಗದು ಎಂಬರ್ಥದ ನಿಲುವು ತಳೆಯಿತು. ಎರಡನ್ನೂ ಒಟ್ಟಿಗೆ ಓದಿದಾಗ ನಷ್ಟವಾದವನಿಗೆ ಸಿಗುವ ಬುದ್ಧಿಮಾತು ಒಂದೇ: ಸಹಿ ಹಾಕಲೇಬೇಕಾಗಿ ಬಂದರೆ, ಆ ದಿನವೇ, ಸಾಧ್ಯವಾದರೆ ಅದಕ್ಕೂ ಮೊದಲೇ, ‘ಹಣದ ಅಗತ್ಯದಿಂದ ಪಡೆಯುತ್ತಿದ್ದೇನೆ, ಉಳಿದ ಮೊತ್ತಕ್ಕೆ ನನ್ನ ಹಕ್ಕು ಉಳಿದಿದೆ’ ಎಂದು ಕಂಪನಿಗೆ ಇಮೇಲನ್ನೋ ರಿಜಿಸ್ಟರ್ಡ್ ಅಂಚೆಯನ್ನೋ ಕಳಿಸಿ. ನಿಯಂತ್ರಣ ಪ್ರಾಧಿಕಾರ 2015ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ, ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಎಂದಿದೆ. ಎರಡು ಸಾಲಿನ ಆ ಇಮೇಲು ಕಳಿಸಿ ಎಂದು ಆ ದಿನ ಪಕ್ಕದಲ್ಲಿ ನಿಂತು ಹೇಳುವ ಒಬ್ಬರಿದ್ದರೆ, ವರ್ಷಗಳ ವ್ಯಾಜ್ಯದ ಗತಿಯೇ ಬೇರೆಯಾಗುತ್ತದೆ.

ವ್ಯಾಜ್ಯ ಎಲ್ಲಿ ಹೂಡಬೇಕು ಎಂಬುದಕ್ಕೆ ಈಗ ಹಲವು ದಾರಿಗಳಿವೆ. ಅಹಮದಾಬಾದಿನ ರಿಲೀಫ್ ರೋಡಿನ ಜೀವನ್ ಪ್ರಕಾಶ್ ಕಟ್ಟಡದಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಇಡೀ ಗುಜರಾತಿಗೆ ಅದೊಂದೇ. ನಮ್ಮಲ್ಲಿ ಅದು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ. ವಕೀಲರನ್ನೂ ಏಜೆಂಟರನ್ನೂ ಒಳಗೆ ಬಿಡುವುದಿಲ್ಲ, ವಿಮೆದಾರನೇ ಮಾತಾಡಬೇಕು. ಮೊದಲು ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು, ತಿರಸ್ಕಾರವಾದ ಒಂದು ವರ್ಷದೊಳಗೆ ಬರಬೇಕು. ಓಂಬುಡ್ಸ್‌ಮನ್ ಕೊಟ್ಟ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ದೂರುದಾರನನ್ನು ಕಟ್ಟಿಹಾಕುವುದಿಲ್ಲ. ಕೊಡಿಸಬಹುದಾದ ಮೊತ್ತದ ಮಿತಿ 30 ಲಕ್ಷವಿದ್ದದ್ದು 2023ರಲ್ಲಿ 50 ಲಕ್ಷವಾಯಿತು. ವಡೋದರದ ಒಂದು ಮನೆಯ ಫ್ರಿಜ್ಜು, ಸೋಫಾ, ಗೋಡೆ, ವೈರಿಂಗ್ ನಷ್ಟಕ್ಕೆ ಇದಕ್ಕಿಂತ ಒಳ್ಳೆಯ ವೇದಿಕೆ ಇಲ್ಲ. ಸೂರತ್ತಿನ ವ್ಯಾಪಾರಕ್ಕೆ ಇದು ಅಷ್ಟು ಒದಗುವುದಿಲ್ಲ. ವ್ಯಾಪಾರದವರಲ್ಲಿ ಏಕಮಾಲೀಕರಿಗೂ ಅತಿ ಸಣ್ಣ ಉದ್ಯಮಗಳಿಗೂ ಮಾತ್ರ ಇಲ್ಲಿ ಪ್ರವೇಶ. ಜೊತೆಗೆ, ವಕೀಲರಿಲ್ಲದ ವೇದಿಕೆ ಎಂದರೆ ನಷ್ಟವಾದವನ ಎದುರು ಕಂಪನಿಯ ತಿಳಿವಳಿಕಸ್ಥ ಅಧಿಕಾರಿ ಕೂತಿರುತ್ತಾರೆ ಎಂದೂ ಅರ್ಥ. ಅಲ್ಲಿಗೆ ಹೋಗುವ ಮುನ್ನ ಕಾಗದಗಳನ್ನು ಜೋಡಿಸಿಕೊಡುವ ನೆರವು ಬೇಕೇ ಬೇಕು.

ಗ್ರಾಹಕರ ಆಯೋಗಗಳ ಕಥೆಯನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. 2002ರ ಗಲಭೆಯಲ್ಲಿ ಗುಜರಾತಿನ ಹರ್ಸೋಲಿಯಾ ಮೋಟರ್ಸ್ ಎಂಬ ಸಂಸ್ಥೆಯ ಆಸ್ತಿ ಸುಟ್ಟಿತು. ವಿಮೆ ಇತ್ತು. ಕ್ಲೇಮಿನ ಮೊತ್ತದ ಮಾತಿರಲಿ, ವ್ಯಾಪಾರಿ ಸಂಸ್ಥೆ ‘ಗ್ರಾಹಕ’ ಆಗುತ್ತದೆಯೇ ಎಂಬುದೇ ಪ್ರಶ್ನೆಯಾಯಿತು. ರಾಜ್ಯ ಆಯೋಗ ಇಲ್ಲ ಎಂದಿತು. 2004ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಆಯೋಗ ಹೌದು ಎಂದಿತು: ವಿಮೆ ಕೊಳ್ಳುವುದು ಲಾಭ ಮಾಡುವುದಕ್ಕಲ್ಲ, ನಷ್ಟ ತುಂಬಿಕೊಳ್ಳುವುದಕ್ಕೆ. ವಿಮಾ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಉತ್ತರ ಬಂದದ್ದು 2023ರ ಏಪ್ರಿಲ್ 13ರಂದು. ಉತ್ತರ ಸರಿಯಾಗಿತ್ತು, ದೇಶದ ಪ್ರತಿ ಅಂಗಡಿಗೂ ಅದರಿಂದ ಉಪಕಾರವಾಯಿತು. ಆದರೆ ಬಾಗಿಲು ತಟ್ಟುವ ಹಕ್ಕಿದೆ ಎಂದು ತೀರ್ಮಾನವಾಗಲು ಇಪ್ಪತ್ತೊಂದು ವರ್ಷ ಹಿಡಿಯಿತು. ಇದು ಬೆಂಕಿಯ ಕೇಸಾದರೂ ನೆರೆಯಲ್ಲಿ ಮುಳುಗಿದ ವ್ಯಾಪಾರಿಗಳ ಪಾಲಿಗೂ ಅದೇ ಪ್ರಶ್ನೆ ಅಷ್ಟೂ ಕಾಲ ಕಂಪನಿಗಳ ಕೈಯಲ್ಲಿದ್ದ ಆಯುಧವಾಗಿತ್ತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಂದು ದೊಡ್ಡ ಅನುಕೂಲ ಮಾಡಿದೆ. ಯಾವ ಹಂತದ ಆಯೋಗಕ್ಕೆ ಹೋಗಬೇಕು ಎಂಬುದನ್ನು ಕೇಳುವ ಪರಿಹಾರದಿಂದಲ್ಲ, ಕೊಟ್ಟ ಹಣದಿಂದ ಅಳೆಯುತ್ತಾರೆ. ವಿಮೆಯಲ್ಲಿ ಕೊಟ್ಟ ಹಣ ಎಂದರೆ ಪ್ರೀಮಿಯಮ್ಮು. ಅದು ಜಿಲ್ಲಾ ಆಯೋಗದ ಮಿತಿಯಾದ 50 ಲಕ್ಷವನ್ನು ದಾಟುವುದು ಅಪರೂಪ. ಹಾಗಾಗಿ ಕೋಟಿಗಟ್ಟಲೆಯ ನಷ್ಟದ ಕೇಸೂ ಊರಿನ ಜಿಲ್ಲಾ ಆಯೋಗಕ್ಕೇ ಬರುತ್ತದೆ. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಈ ಏರ್ಪಾಡನ್ನು ಎತ್ತಿಹಿಡಿಯಿತು. ಸೂರತ್ತಿನವರು ಅಹಮದಾಬಾದಿಗೋ ದಿಲ್ಲಿಗೋ ಅಲೆಯುವುದು ತಪ್ಪಿತು, ಆದರೆ ಜಿಲ್ಲಾ ಆಯೋಗದ ಮೇಲಿನ ಹೊರೆ ಬೆಳೆಯಿತು. ಕಂಪನಿ ತನ್ನ ಉತ್ತರವನ್ನು 30 ದಿನ, ಹೆಚ್ಚೆಂದರೆ ಇನ್ನೂ 15 ದಿನದೊಳಗೆ ಕೊಡಲೇಬೇಕು ಎಂದು 2020ರಲ್ಲಿ ಸಂವಿಧಾನ ಪೀಠ ಹೇಳಿದ್ದರಿಂದ ಮೊದಲ ಹಂತದ ಎಳೆದಾಟ ಕಡಿಮೆಯಾಗಿದೆ. ಕೊನೆಯ ಹಂತಕ್ಕೆ ಅಂಥ ಬಿಗಿ ಇಲ್ಲ.

ತಕರಾರನ್ನು ಪಂಚಾಯ್ತಿದಾರರಿಗೆ ಒಪ್ಪಿಸುವ ಹಳೆಯ ಪಾಲಿಸಿಯ ಷರತ್ತನ್ನು ನಂಬಿ ಹೋದವರ ಪಾಡು ಇನ್ನೂ ಕಷ್ಟ. 2013ರ ಫೈಲಿನ್ ಚಂಡಮಾರುತದಲ್ಲಿ ಹಾನಿಯಾದ ಒಡಿಶಾದ ನರ್ಭೇರಾಂ ಪವರ್ ಎಂಬ ಕಂಪನಿಗೆ ವಿಮಾ ಸಂಸ್ಥೆ ಕ್ಲೇಮನ್ನೇ ನಿರಾಕರಿಸಿತು. ಮೊತ್ತದ ಬಗ್ಗೆ ತಕರಾರಿದ್ದರೆ ಮಾತ್ರ ಪಂಚಾಯ್ತಿ, ಹೊಣೆಯನ್ನೇ ನಿರಾಕರಿಸಿದರೆ ಸಿವಿಲ್ ಕೋರ್ಟಿಗೆ ಹೋಗಿ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿರಾಕರಣೆ ಪತ್ರ ಬಂದ 12 ತಿಂಗಳೊಳಗೆ ದಾವೆ ಹೂಡದಿದ್ದರೆ ಕ್ಲೇಮು ಬಿಟ್ಟುಕೊಟ್ಟಂತೆ ಎಂಬ ಸಾಲೂ ಹಳೆಯ ಪಾಲಿಸಿಯಲ್ಲಿದೆ. ತಪ್ಪು ವೇದಿಕೆಯಲ್ಲಿ ಕಳೆದ ತಿಂಗಳುಗಳನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ. ಮೊದಲ ಸಲಹೆಯೇ ಸರಿಯಾಗಿರಬೇಕು ಎನ್ನುವುದು ಇದಕ್ಕೆ.

ಆ ಸಲಹೆ ಕೊಡುವವರು ಯಾರು? ಅಹಮದಾಬಾದಿಗೆ ಈ ವಿಷಯದಲ್ಲಿ ದೇಶದಲ್ಲೇ ವಿಶೇಷ ಸ್ಥಾನವಿದೆ. ಮನುಭಾಯಿ ಶಾ 1978ರಲ್ಲಿ ಅಲ್ಲಿ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಕಟ್ಟಿದರು; ಎಲ್ಲರೂ ಸಿಇಆರ್‌ಸಿ ಎನ್ನುತ್ತಾರೆ. ಎಲ್‌ಐಸಿಯ ವ್ಯವಹಾರವನ್ನು ಟೀಕಿಸಿ ಅವರು ಬರೆದದ್ದಕ್ಕೆ ಎಲ್‌ಐಸಿಯ ಪತ್ರಿಕೆ ಪ್ರತಿವಾದ ಪ್ರಕಟಿಸಿತು, ಅವರ ಮರುಉತ್ತರವನ್ನು ಪ್ರಕಟಿಸಲಿಲ್ಲ. ಪ್ರಕಟಿಸಲೇಬೇಕು ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಂಬಳದಾರರಿಗೆ ಮಾತ್ರ ಮೀಸಲಾಗಿದ್ದ ಒಂದು ಪಾಲಿಸಿಯನ್ನು ಎಲ್ಲರಿಗೂ ತೆರೆಯುವಂತೆ 1995ರಲ್ಲಿ ಮಾಡಿಸಿದ್ದೂ ಈ ಕೇಂದ್ರವೇ. ಎರಡೂ ಜೀವ ವಿಮೆಯ ಪ್ರಕರಣಗಳು, ಆದರೆ ವಿಮಾ ಸಂಸ್ಥೆಯನ್ನು ಪ್ರಶ್ನಿಸಬಹುದು ಎಂಬ ಧೈರ್ಯ ಜನರಿಗೆ ಬಂದದ್ದು ಇಂಥವುಗಳಿಂದ. ವಡೋದರದಲ್ಲಿ ಜಾಗೃತ್ ನಾಗರಿಕ್ ಎಂಬ ಸಂಸ್ಥೆ ಗ್ರಾಹಕರ ಪರ ಕೇಸು ನಡೆಸುತ್ತ ಬಂದಿದೆ. ಈ ಸಂಸ್ಥೆಗಳ ಬಗ್ಗೆ ನನಗೆ ಗೌರವವಿದೆ. ಆದರೆ ಸ್ವಯಂಸೇವಾ ಸಂಸ್ಥೆಯೊಂದು ಇಡೀ ನಗರ ಮುಳುಗಿದ ವಾರದಲ್ಲಿ ಎಷ್ಟು ಗೋದಾಮುಗಳಿಗೆ ಹೋದೀತು? ಅವರ ಬಲ ಇರುವುದು ಆಯ್ದ ಕೇಸುಗಳಲ್ಲಿ, ದೂರು ಬರೆಸುವುದರಲ್ಲಿ.

ಉಳಿದ ಜಾಗವನ್ನು ತುಂಬಿರುವವರು ಕ್ಲೇಮು ಕನ್ಸಲ್ಟೆಂಟುಗಳು. ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಎಂದು ಮಾತಾಡಿಕೊಳ್ಳುತ್ತಾರೆ. ವಕೀಲರು ಹಾಗೆ ಮಾಡುವಂತಿಲ್ಲ. ಫಲದ ಮೇಲೆ ಫೀಸು ಗೊತ್ತುಮಾಡುವುದನ್ನು ಬಾರ್ ಕೌನ್ಸಿಲಿನ ನಿಯಮ ನಿಷೇಧಿಸಿದೆ. ಸರ್ವೇಯರಿಗೆ ಪರವಾನಗಿ ಬೇಕು, ಏಜೆಂಟನಿಗೆ ಬೇಕು, ಬ್ರೋಕರಿಗೆ ಬೇಕು. ವಿಮೆದಾರನ ಪರ ನಷ್ಟದ ಲೆಕ್ಕ ಹಾಕಿಕೊಡುವವನಿಗೆ ಮಾತ್ರ ನಮ್ಮಲ್ಲಿ ಪ್ರತ್ಯೇಕ ಪರವಾನಗಿಯೂ ಇಲ್ಲ, ಫೀಸಿಗೆ ಮಿತಿಯೂ ಇಲ್ಲ. ಚಂಡಮಾರುತಗಳ ನಾಡಾದ ಅಮೆರಿಕದ ಫ್ಲಾರಿಡಾದಲ್ಲಿ ಇಂಥವರಿಗೆ ಸರ್ಕಾರದ ಪರವಾನಗಿ ಕಡ್ಡಾಯ. ತುರ್ತು ಪರಿಸ್ಥಿತಿ ಘೋಷಿಸಿದ ವಿಕೋಪದ ಕ್ಲೇಮುಗಳಲ್ಲಿ ಮೊದಲ ವರ್ಷ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಕನ್ಸಲ್ಟೆಂಟುಗಳೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ವಿಮೆದಾರನ ಪರವಾಗಿ ಮೊದಲ ವಾರದಲ್ಲಿ ಗೋದಾಮಿಗೆ ಬರುವವರು ಅವರೊಬ್ಬರೇ, ಆ ಮಟ್ಟಿಗೆ ಕಾಲದ ಬೆಲೆ ಅವರಿಗೆ ಗೊತ್ತು. ಆದರೆ ನಷ್ಟವನ್ನು ಹಿಗ್ಗಿಸಿ ಬರೆದರೆ ತಮ್ಮ ಪಾಲೂ ಹಿಗ್ಗುತ್ತದೆ ಎಂಬ ಆಮಿಷ ಅವರ ಕಸುಬಿನಲ್ಲೇ ಅಡಗಿದೆ. ಹಿಗ್ಗಿಸಿದ ಒಂದು ಬಿಲ್ಲು ಸಿಕ್ಕಿಬಿದ್ದರೂ ಇಡೀ ಕ್ಲೇಮು ವಂಚನೆಯೆಂದು ಬಿದ್ದುಹೋಗುತ್ತದೆ, ಅದನ್ನು ಅನುಭವಿಸುವವನು ಮಾಲೀಕ.

ಹಾಗಾದರೆ ಮೊದಲ ವಾರದಲ್ಲಿ, ಪಾಲು ಕೇಳದೆ, ಕಾನೂನು ಬಲ್ಲವರು ಬರುವುದು ಸಾಧ್ಯವೇ? ಕಾಯ್ದೆಯಲ್ಲಿ ಈಗಾಗಲೇ ಅದು ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ನೆರವಿಗೆ ಅರ್ಹರಾದವರ ಪಟ್ಟಿ ಇದೆ. ಬಡವರು, ಮಹಿಳೆಯರು, ಪರಿಶಿಷ್ಟರು ಎಂದು ನಮಗೆ ಗೊತ್ತಿರುವವರ ಜೊತೆಗೆ ನೆರೆ, ಬರ, ಭೂಕಂಪದಂಥ ವಿಕೋಪಕ್ಕೆ ಸಿಕ್ಕಿ ತಮ್ಮದಲ್ಲದ ತಪ್ಪಿಗೆ ಕಷ್ಟಕ್ಕಿಳಿದವರೂ ಅದರಲ್ಲಿದ್ದಾರೆ. ಅವರನ್ನು ಆದಾಯದ ಮಿತಿಯಿಂದ ಅಳೆಯುವುದಿಲ್ಲ. ವಿಕೋಪ ಸಂತ್ರಸ್ತರಿಗಾಗಿ ರಾಷ್ಟ್ರೀಯ ಪ್ರಾಧಿಕಾರ 2010ರಲ್ಲಿ ರೂಪಿಸಿದ ಯೋಜನೆ ಇನ್ನೂ ಸ್ಪಷ್ಟವಾಗಿದೆ: ಪರಿಹಾರ ಶಿಬಿರಗಳಲ್ಲಿ ಕಾನೂನು ನೆರವಿನ ಕೇಂದ್ರ ತೆರೆಯಬೇಕು, ಕೊಚ್ಚಿಹೋದ ದಾಖಲೆಗಳನ್ನು ಮತ್ತೆ ಮಾಡಿಸಿಕೊಡಬೇಕು, ವಿಮಾ ಪಾಲಿಸಿಗಳ ತೊಂದರೆಗಳಲ್ಲಿ ನೆರವಾಗಬೇಕು. ವಿಮೆಯ ಮಾತು ಅದರಲ್ಲಿ ಹೆಸರಿಟ್ಟು ಬಂದಿದೆ. ಅಹಮದಾಬಾದ್, ವಡೋದರ, ಸೂರತ್ ಮೂರರಲ್ಲೂ ಜಿಲ್ಲಾ ಪ್ರಾಧಿಕಾರಗಳಿವೆ, ಪ್ಯಾನೆಲ್ ವಕೀಲರಿದ್ದಾರೆ, 15100 ಎಂಬ ಸಹಾಯವಾಣಿ ಇದೆ. ಆದರೂ ನೆರೆಯ ಕ್ಲೇಮು ಎಂದ ಕೂಡಲೇ ಜನರಿಗೆ ನೆನಪಾಗುವುದು ಏಜೆಂಟು, ಕನ್ಸಲ್ಟೆಂಟು, ಕೊನೆಗೆ ಗ್ರಾಹಕರ ಕೋರ್ಟು. ಈ ಪ್ರಾಧಿಕಾರ ನೆನಪಾಗುವುದಿಲ್ಲ. ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಇದು ಎಂಬುದು ನನ್ನ ತೀರ್ಮಾನ.

ಪ್ಯಾನೆಲ್ ವಕೀಲರು ಆ ವಾರ ಮಾಡಬೇಕಾದ ಕೆಲಸ ದೊಡ್ಡದೇನಲ್ಲ, ಕೋರ್ಟಿನಲ್ಲಿ ವಾದಿಸುವುದೂ ಅಲ್ಲ. ನೀರಿನ ಗೆರೆಯ ಪಕ್ಕ ಅಳತೆ ಪಟ್ಟಿ ಹಿಡಿದು ಫೋಟೊ ತೆಗೆಸಬೇಕು. ಮೇಲಿನ ಸಾಲಿನ ತಾಕಾ ಬಿಚ್ಚಿಸಿ ಬೂಷ್ಟನ್ನು ವಿಡಿಯೊ ಮಾಡಿಸಬೇಕು. ಮಾಲು ವಿಲೇವಾರಿ ಮಾಡುವ ಮುನ್ನ ಕಂಪನಿಗೆ ಇಮೇಲು ಕಳಿಸಿ ಒಪ್ಪಿಗೆ ಕೇಳಿಸಬೇಕು. ಹದಿನೈದು ದಿನದೊಳಗೆ ಹೋಗಬೇಕಾದ ಪತ್ರವನ್ನು ಗುಜರಾತಿಯಲ್ಲಿ ಕೇಳಿಕೊಂಡು ಇಂಗ್ಲಿಷಿನಲ್ಲಿ ಬರೆದುಕೊಡಬೇಕು, ಸರ್ವೇ ವರದಿಯ ಪ್ರತಿ ಕೇಳುವ ಅರ್ಜಿಯನ್ನು ಅದರ ಜೊತೆಗೇ ಹಾಕಿಸಬೇಕು. ಸರ್ವೇಯರನ್ನು 72 ಗಂಟೆಯೊಳಗೆ ನೇಮಿಸಬೇಕೆಂದು 2017ರ ನಿಯಮವಿತ್ತು. 2024ರಲ್ಲಿ ಗಡುವುಗಳನ್ನು ಇನ್ನಷ್ಟು ಬಿಗಿಗೊಳಿಸಿದರು. ಆ ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತಪ್ಪಿದ ದಿನವೇ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ದಾಖಲಿಸಬೇಕು. ಒಬ್ಬ ಕಿರಿಯ ವಕೀಲೆ ಒಂದು ದಿನದಲ್ಲಿ ಹತ್ತಾರು ಅಂಗಡಿಗಳಿಗೆ ಇಷ್ಟನ್ನು ಮಾಡಿಕೊಡಬಲ್ಲರು.

ಹಾಳಾದ ಮಾಲು ಒಬ್ಬರದು, ಪಾಲಿಸಿ ಇನ್ನೊಬ್ಬರದು ಆದಾಗ ಏನು ಮಾಡಬೇಕು ಎಂಬುದಕ್ಕೆ ಕರ್ನಾಟಕದ ಬ್ಯಾಡಗಿಯ ರೈತರನ್ನು ನೆನೆಯಬೇಕು. 2014ರ ಜನವರಿಯಲ್ಲಿ ಅಲ್ಲಿನ ಶೀತಲಗೃಹಕ್ಕೆ ಬೆಂಕಿ ಬಿದ್ದು ಅವರು ಇಟ್ಟಿದ್ದ ಮೆಣಸಿನಕಾಯಿ ಹೋಯಿತು. ಪಾಲಿಸಿ ಶೀತಲಗೃಹದ ಹೆಸರಿನಲ್ಲಿತ್ತು, ನಿಮಗೂ ನಮಗೂ ಸಂಬಂಧವಿಲ್ಲ ಎಂದಿತು ವಿಮಾ ಕಂಪನಿ. ಬ್ಯಾಂಕಿನ ಸಾಲಕ್ಕೆ ಆ ಮಾಲೇ ಆಧಾರವಾಗಿದ್ದುದರಿಂದ ರೈತರೂ ವಿಮೆಯ ಫಲಾನುಭವಿಗಳು, ಗ್ರಾಹಕರು ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳಿತು. ಸೂರತ್ತಿನಲ್ಲೂ ಇದನ್ನು ಓದಿಕೊಳ್ಳಬೇಕಾದವರಿದ್ದಾರೆ. ಬೇರೆಯವರ ತಾಕಾ ತಂದು ಬಣ್ಣ ಹಾಕಿ ಕೊಡುವ ಪಾಂಡೆಸರಾದ ಮಿಲ್ಲುಗಳಲ್ಲಿ ನೀರು ನುಗ್ಗಿದಾಗ ಪಾಲಿಸಿ ಮಿಲ್ಲಿನದು, ಮಾಲು ವ್ಯಾಪಾರಿಯದು. ಆ ವ್ಯಾಪಾರಿ ಕ್ಲೇಮಿನ ಕಾಗದ ಬರೆಯುವಾಗ ಬ್ಯಾಡಗಿಯ ತೀರ್ಪನ್ನು ಮೊದಲ ಪುಟದಲ್ಲೇ ಉಲ್ಲೇಖಿಸಲಿ. ಮಿಲ್ಲಿನ ಪಾಲಿಸಿಯ ನಕಲನ್ನು ಮಳೆಗಾಲಕ್ಕೆ ಮುಂಚೆಯೇ, ಮೇ ತಿಂಗಳಿನಲ್ಲೇ, ಕೇಳಿ ಇಟ್ಟುಕೊಳ್ಳಲಿ.